ಹಸಿರು ಲೆಕ್ಕ ಯಾರ ಕೈಯಲ್ಲಿ?

(ಶಹಾಪುರದಲ್ಲಿ ರೈತರು ಮತ್ತು ಕೂಲಿಕಾರರಿಗಾಗಿ ನಡೆದ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ಈ ಹೊತ್ತಿನ ವಿಷಯವನ್ನು ಅಧ್ಯಕ್ಷರು ಓದಿ ಹೇಳಿದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ನಗಲಿ, ತಪ್ಪಿಲ್ಲ. ಹಸಿರು ಕಂಪ್ಯೂಟರು, ಕಂಪನಿಗಳ ಹೊಣೆಗಾರಿಕೆ ಎಂಬ ಮಾತುಗಳು ಬೆಂಗಳೂರಿನ ಗಾಜಿನ ಮಹಲುಗಳಲ್ಲಿ ಹುಟ್ಟಿದವು. ತೊಗರಿ, ಹತ್ತಿ, ಗುಳೆ, ಸಾಲ ಇವುಗಳ ನಡುವೆ ಬದುಕುತ್ತಿರುವ ಸಗರ ನಾಡಿನ ಜನಕ್ಕೆ ಅವುಗಳಿಂದ ಆಗಬೇಕಾದುದೇನು ಎಂಬುದೇ ಆ ನಗೆಯ ಅರ್ಥ. ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ನಾವು ನಿಂತಿದ್ದೇವೆ.

ಮೊದಲು ಒಂದು ಮಾತು. ಕಂಪ್ಯೂಟರು ನಮ್ಮ ನಾಡಿಗೆ ಬರಬೇಕೋ ಬೇಡವೋ ಎಂದು ಚರ್ಚಿಸುವ ಕಾಲ ಮುಗಿದಿದೆ. ಅದು ಬಂದಾಗಿದೆ. ಕೈಯಲ್ಲಿರುವ ಮೊಬೈಲಿನ ಮಾತು ಬಿಡಿ, ಹೊಲಕ್ಕೆ ಬರುವ ನೀರಿನ ಕೀಲಿಯೇ ಈಗ ಅದರ ಬಳಿ ಇದೆ. ನಾರಾಯಣಪುರ ಎಡದಂಡೆ ಕಾಲುವೆಯನ್ನು ನವೀಕರಿಸಿ, ವಿಸ್ತರಿಸಿ, ಅದರ ಗೇಟುಗಳನ್ನು ಸ್ಕಾಡಾ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಜೋಡಿಸಿದ್ದಾರೆ. 2023ರ ಜನವರಿ 19ರಂದು ನಮ್ಮದೇ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳು ಈ ಯೋಜನೆಯನ್ನು ಉದ್ಘಾಟಿಸಿದರು. ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ಇದಕ್ಕೆ ತಗುಲಿದ ವೆಚ್ಚ ಸುಮಾರು 4,700 ಕೋಟಿ ರೂಪಾಯಿ. ಕಾಲುವೆಯ ಶಕ್ತಿ 10,000 ಕ್ಯೂಸೆಕ್. ಅಚ್ಚುಕಟ್ಟು ನಾಲ್ಕೂವರೆ ಲಕ್ಷ ಹೆಕ್ಟೇರು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ರೈತರಿಗೆ ಪ್ರಯೋಜನ. ಕಂಪ್ಯೂಟರು ನಮ್ಮ ವಿಷಯವಲ್ಲ ಎನ್ನುವವರು ಈ ಅಂಕಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಹಸಿರು ಎಂದರೇನು?

ಕಂಪ್ಯೂಟರಿಗೆ ಹಸಿರು ಎಂಬ ವಿಶೇಷಣ ಹೇಗೆ ಬಂತು? 1992ರಲ್ಲಿ ಅಮೆರಿಕದ ಪರಿಸರ ಇಲಾಖೆಯವರು ಎನರ್ಜಿ ಸ್ಟಾರ್ ಎಂಬ ಗುರುತನ್ನು ಜಾರಿಗೆ ತಂದರು. ಕೆಲಸವಿಲ್ಲದಾಗ ತಾನೇ ನಿದ್ರೆಗೆ ಇಳಿದು ವಿದ್ಯುತ್ತು ಉಳಿಸುವ ಯಂತ್ರಕ್ಕೆ ಆ ಗುರುತು ಸಿಗುತ್ತಿತ್ತು. ಸಾಲಿಯ ಹುಡುಗರಿಗೆ ಲೆಕ್ಕ ಹೇಳಿಕೊಟ್ಟವರು ನಾವು. ಆದುದರಿಂದ ಇಲ್ಲಿಯೂ ಒಂದು ಲೆಕ್ಕ ಮಾಡೋಣ. ಒಂದು ಕಂಪ್ಯೂಟರು ತೆರೆಯ ಸಮೇತ ನೂರು ವಾಟ್ ತಿನ್ನುತ್ತದೆ ಎಂದು ಇಟ್ಟುಕೊಳ್ಳಿ. ಒಂದು ಕಚೇರಿಯಲ್ಲಿ ಅಂಥವು ಹತ್ತು ಇವೆ. ಸಂಜೆ ಆರಕ್ಕೆ ಗುಮಾಸ್ತರು ಮನೆಗೆ ಹೋಗುವಾಗ ಆರಿಸದೆ ಹೋದರೆ ಮರುದಿನ ಬೆಳಿಗ್ಗೆ ಎಂಟರ ತನಕ ಹದಿನಾಲ್ಕು ಯೂನಿಟ್ ಸುಮ್ಮನೆ ಉರಿಯಿತು. ಒಂದು ಬಡ ಮನೆಗೆ ಅದು ವಾರ ಹದಿನೈದು ದಿನದ ದೀಪ. ಹನಿ ಹನಿ ಕೂಡಿದರೆ ಹಳ್ಳ ಎನ್ನುವುದು ಉಳಿತಾಯಕ್ಕೆ ಹೇಗೋ ದುಂದಿಗೂ ಹಾಗೆಯೇ.

ಆದರೆ ಇಂದು ಕಂಪ್ಯೂಟರಿನ ದೊಡ್ಡ ಹೊಟ್ಟೆ ನಮ್ಮ ಮೇಜಿನ ಮೇಲೆ ಇಲ್ಲ. ದತ್ತಾಂಶ ಕೇಂದ್ರಗಳೆಂಬ ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಯಂತ್ರಗಳನ್ನು ಗೂಡಿನಂತೆ ಜೋಡಿಸಿದ್ದಾರೆ. ನೀವು ಕಳಿಸುವ ಚಿತ್ರ, ಬ್ಯಾಂಕಿನ ಲೆಕ್ಕ, ಪಹಣಿ, ರೇಷನ್ ಅಂಗಡಿಯ ಬೆರಳಚ್ಚು, ಈಗ ಹೊಸದಾಗಿ ಬಂದಿರುವ ಕೃತಕ ಬುದ್ಧಿ, ಎಲ್ಲವೂ ಅಂಥ ಕಟ್ಟಡಗಳಲ್ಲಿ ನಡೆಯುತ್ತವೆ. ಅವು ಹಗಲಿರುಳು ಕಾಯುತ್ತವೆ. ಕಾದ ಯಂತ್ರವನ್ನು ತಂಪು ಮಾಡಲು ಮತ್ತೆ ವಿದ್ಯುತ್ತು ಬೇಕು, ಬಹಳ ಕಡೆ ನೀರೂ ಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಇಂಥ ಕೇಂದ್ರಗಳು ತಿಂದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್. ಇದು ಜಗತ್ತಿನ ಒಟ್ಟು ಬಳಕೆಯಲ್ಲಿ ನೂರಕ್ಕೆ ಒಂದೂವರೆ ಪಾಲು. 2030ರ ಹೊತ್ತಿಗೆ ಇದು 94,500 ಕೋಟಿ ಯೂನಿಟ್ಟಿನ ಹತ್ತಿರ ಬರಬಹುದೆಂದು ಅದೇ ಸಂಸ್ಥೆ ಹೇಳಿದೆ.

ಇದರ ಜೊತೆಗೆ ಕಸದ ಲೆಕ್ಕವಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ಜಗತ್ತು ಬಿಸಾಡಿದ ವಿದ್ಯುನ್ಮಾನ ಸಾಮಾನು 6 ಕೋಟಿ 20 ಲಕ್ಷ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆ ಇರುವುದು ನೂರಕ್ಕೆ ಇಪ್ಪತ್ತೆರಡು ಪಾಲಿಗೆ ಮಾತ್ರ. ಉಳಿದುದು ಎಲ್ಲಿ ಹೋಯಿತು? ಒಂದು ದೊಡ್ಡ ಪಾಲು ಬಡವರ ಓಣಿಗೆ. ಹಳೆಯ ತೆರೆಯ ಗಾಜಿನಲ್ಲಿ ಸೀಸವಿದೆ, ಬೆಸುಗೆಯಲ್ಲಿ ಸೀಸವಿದೆ, ಕೆಲವು ದೀಪಗಳಲ್ಲಿ ಪಾದರಸವಿದೆ. ತಾಮ್ರಕ್ಕಾಗಿ ವಾಯರು ಸುಟ್ಟರೆ ಏಳುವ ಹೊಗೆ ವಿಷ. ಚಿಟಿಕೆ ಬಂಗಾರಕ್ಕಾಗಿ ಹಲಗೆಗಳನ್ನು ಆಸಿಡ್ಡಿನಲ್ಲಿ ಅದ್ದುವವರು ಕೈಗವಸಿಲ್ಲದ ಮಕ್ಕಳು ಮತ್ತು ಹೆಂಗಸರು.

ಆದುದರಿಂದ ಹಸಿರು ಎಂಬ ಮಾತಿಗೆ ನಾವು ಕೊಡುವ ಅರ್ಥ ಸರಳವಾದದ್ದು. ಕಡಿಮೆ ಉರಿಸಬೇಕು, ಬಹಳ ದಿನ ಬಾಳಿಸಬೇಕು, ಸತ್ತ ಮೇಲೆ ಸರಿಯಾಗಿ ಮಣ್ಣು ಮಾಡಬೇಕು. ಇವುಗಳಲ್ಲಿ ನಡುವಿನ ಮಾತೇ ಬಹು ಮುಖ್ಯ. ಒಂದು ಲ್ಯಾಪ್‌ಟಾಪು ಅಥವಾ ಮೊಬೈಲು ತನ್ನ ಆಯುಷ್ಯದಲ್ಲಿ ಮಾಡುವ ಇಂಗಾಲದ ಹೊರೆಯ ಹೆಚ್ಚಿನ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಮೂರು ವರ್ಷಕ್ಕೊಮ್ಮೆ ಯಂತ್ರ ಬದಲಿಸಿ, ಹೊಸ ಯಂತ್ರ ವಿದ್ಯುತ್ತು ಕಡಿಮೆ ತಿನ್ನುತ್ತದೆ ಎಂದು ಹೊಗಳಿಕೊಳ್ಳುವ ಕಂಪನಿಯು ಹಳೆಯ ಎತ್ತನ್ನು ಕಟುಕನಿಗೆ ಕೊಟ್ಟು ಹೊಸ ಎತ್ತು ಮೇವು ಕಡಿಮೆ ತಿನ್ನುತ್ತದೆ ಎಂದಂತೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10 ಎಂಬ ತಂತ್ರಾಂಶಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಚೆನ್ನಾಗಿಯೇ ನಡೆಯುತ್ತಿದ್ದ ಎಷ್ಟೋ ಯಂತ್ರಗಳಿಗೆ ಹೊಸ ಆವೃತ್ತಿ ಹೊಂದುವುದಿಲ್ಲ. ಯಂತ್ರ ಸಾಯಲಿಲ್ಲ, ಅದರ ಮರಣಪತ್ರವನ್ನು ಬೇರೆಯವರು ಬರೆದರು. ಕೇರಳದ ಸರ್ಕಾರಿ ಸಾಲಿಗಳು ಬಹಳ ವರ್ಷಗಳಿಂದ ಸ್ವತಂತ್ರ ತಂತ್ರಾಂಶವನ್ನು ಬಳಸುತ್ತಿವೆ. ಅದಕ್ಕೆ ಲೈಸೆನ್ಸಿನ ಹಣವಿಲ್ಲ, ಹಳೆಯ ಯಂತ್ರದಲ್ಲಿಯೂ ಅದು ನಡೆಯುತ್ತದೆ. ನಮ್ಮಲ್ಲಿ ಏಕೆ ಆಗಬಾರದು?

ದಾನದ ಕಂಪ್ಯೂಟರು

ನಾವು ಪಾಠ ಹೇಳುತ್ತಿದ್ದ ಸಾಲಿಗೆ ಒಂದು ವರ್ಷ ಒಂದು ಕಂಪನಿಯಿಂದ ಆರು ಕಂಪ್ಯೂಟರುಗಳು ದಾನವಾಗಿ ಬಂದವು. ಶಾಲು ಹೊದಿಸಿದ್ದಾಯಿತು, ಹಾರ ಹಾಕಿದ್ದಾಯಿತು, ಫೋಟೋ ತೆಗೆದದ್ದಾಯಿತು. ಅವು ಕಂಪನಿಯವರು ಐದಾರು ವರ್ಷ ಬಳಸಿ ಬಿಟ್ಟ ಯಂತ್ರಗಳು. ಎರಡು ವರ್ಷ ನಡೆದವು, ಹುಡುಗರು ನಿಜವಾಗಿಯೂ ಸಂತೋಷಪಟ್ಟರು. ಆಮೇಲೆ ಬ್ಯಾಟರಿ ಸತ್ತಿತು, ಒಂದೊಂದಾಗಿ ಯಂತ್ರಗಳೂ ನಿಂತವು. ರಿಪೇರಿಗೆ ಹಣವಿಲ್ಲ, ವಾಪಸು ಒಯ್ಯುವವರಿಲ್ಲ. ಬಿಸಿಯೂಟದ ಅಕ್ಕಿ ಚೀಲಗಳ ಪಕ್ಕದಲ್ಲಿ ಅವು ಧೂಳು ತಿನ್ನುತ್ತಾ ಕುಳಿತವು. ಕಡೆಗೆ ಗುಜರಿಯವನು ತೂಕಕ್ಕೆ ಕೊಂಡುಹೋದ. ಕಂಪನಿಯ ಪುಸ್ತಕದಲ್ಲಿ ಅದು ಗ್ರಾಮೀಣ ಶಿಕ್ಷಣಕ್ಕೆ ಕೊಟ್ಟ ಸೇವೆ, ಪರಿಸರ ಉಳಿಸಿದ ಮರುಬಳಕೆ. ನಮ್ಮ ಪುಸ್ತಕದಲ್ಲಿ ಅದು ಬೆಂಗಳೂರಿನ ಕಸ ನೂರಾರು ಕಿಲೋಮೀಟರು ಪ್ರಯಾಣ ಮಾಡಿದ ಕಥೆ.

ಕಾನೂನು ಇದಕ್ಕೆ ಏನು ಹೇಳುತ್ತದೆ? ವಿದ್ಯುನ್ಮಾನ ಕಸದ ನಿಯಮಗಳು ಮೊದಲು 2011ರಲ್ಲಿ ಬಂದವು, 2016ರಲ್ಲಿ ಬದಲಾದವು. 2022ರಲ್ಲಿ ರಚಿಸಿದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮಾಡಿ ಮಾರಿದವನೇ ಕಸದ ಹೊಣೆಯನ್ನೂ ಹೊರಬೇಕು ಎಂಬುದು ಅವುಗಳ ತಿರುಳು. ಮೊದಲ ಎರಡು ವರ್ಷ ನೂರಕ್ಕೆ 60, ಮುಂದಿನ ಎರಡು ವರ್ಷ 70, 2027-28ರಿಂದ 80 ಪಾಲು ಮರುಬಳಕೆ ಆಗಲೇಬೇಕೆಂದು ಗುರಿ ಹಾಕಿದ್ದಾರೆ. ಮಾಡುವ ದಾರಿಯೂ ಕರ್ನಾಟಕಕ್ಕೆ ಗೊತ್ತಿದೆ. ಸರ್ಕಾರದ ಅನುಮತಿ ಪಡೆದು ಈ ಕಸವನ್ನು ಸರಿಯಾಗಿ ಬಿಡಿಸುವ ದೇಶದ ಮೊದಲ ಘಟಕವಾದ ಇ-ಪರಿಸರ ಸ್ಥಾಪನೆಯಾದುದು ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ. ಆದರೆ ಸಗರ ನಾಡಿನ ಸಾಲಿಯ ಮೂಲೆಯಲ್ಲಿ ಬಿದ್ದ ಯಂತ್ರ ದಾಬಸ್‌ಪೇಟೆಗೆ ನಡೆದು ಹೋಗುವುದಿಲ್ಲ. ಅದನ್ನು ಒಯ್ಯುವ ಹೊಣೆ ಮಾರಿದವನದು, ಇಲ್ಲವೆ ದಾನ ಕೊಟ್ಟವನದು. ದಾನ ಸ್ವೀಕರಿಸುವ ದಿನವೇ ಈ ಮಾತನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು.

ಕಂಪನಿಗಳ ಹೊಣೆಗಾರಿಕೆ

ಈಗ ಕಂಪನಿಗಳ ಕಡೆಗೆ ತಿರುಗೋಣ. ಶ್ರೀಮಂತನು ತನ್ನ ಸಂಪತ್ತಿಗೆ ಒಡೆಯನಲ್ಲ, ಸಮಾಜದ ಪರವಾಗಿ ಅದನ್ನು ಕಾಯುವ ಧರ್ಮದರ್ಶಿ ಎಂದು ಗಾಂಧೀಜಿ ಹೇಳುತ್ತಿದ್ದರು. ಸುರಪುರ ಸೀಮೆಯ ಮುದನೂರಿನಲ್ಲಿ ನೇಯ್ಗೆ ಮಾಡುತ್ತಿದ್ದ ದಾಸಿಮಯ್ಯನ ನಾಡು ಇದು. ಕಾಯಕ, ದಾಸೋಹ ಎಂಬ ಮಾತುಗಳು ನಮಗೆ ಹೊಸವಲ್ಲ. ಆದರೆ ಧರ್ಮದರ್ಶಿ ಎಂದ ಮೇಲೆ ಲೆಕ್ಕ ಒಪ್ಪಿಸಬೇಕು. ಯಾರಿಗೆ ಒಪ್ಪಿಸಬೇಕು ಎಂಬುದೇ ಪ್ರಶ್ನೆ.

ಭಾರತದಲ್ಲಿ 2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ಆಸ್ತಿ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕು. ಒಳ್ಳೆಯ ಕಾನೂನು. ಆದರೆ ತಾನು ಕೆಲಸ ಮಾಡುವ ಸ್ಥಳಕ್ಕೆ ಆದ್ಯತೆ ಕೊಡಬೇಕೆಂಬ ಮಾತೂ ಅದರಲ್ಲಿದೆ. ಕಂಪನಿ ಬೆಂಗಳೂರಿನಲ್ಲಿದ್ದರೆ ಹಣವೂ ಬೆಂಗಳೂರಿನ ಸುತ್ತ ಸುತ್ತುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಹಿಂದುಳಿದ ಜಿಲ್ಲೆಗಳ ಪಟ್ಟಿ ಮಾಡಿ ಅವುಗಳಿಗೆ ಆಕಾಂಕ್ಷಿ ಜಿಲ್ಲೆ ಎಂದು ಚೆಂದದ ಹೆಸರಿಟ್ಟಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದವು ಎರಡೇ: ರಾಯಚೂರು ಮತ್ತು ನಮ್ಮ ಯಾದಗಿರಿ. ಆಕಾಂಕ್ಷೆ ನಮ್ಮ ಪಾಲಿಗೆ, ಕಂಪನಿಗಳು ಅವರ ಪಾಲಿಗೆ.

ಇನ್ನು ಬೆಂಗಳೂರಿನ ಕಂಪನಿಗಳು ನಮ್ಮವರಿಗೆ ಹೊರಗಿನವೇ? ಆ ಕಟ್ಟಡಗಳನ್ನು ಕಟ್ಟಿದವರು ಯಾರು? ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಹೋದವರು ವೈಟ್‌ಫೀಲ್ಡು, ಮಾರತಹಳ್ಳಿಗಳ ಖಾಲಿ ಜಾಗಗಳಲ್ಲಿ ನೀಲಿ ತಾಡಪಾಲಿನ ಗುಡಿಸಲು ಹಾಕಿಕೊಂಡು ಆ ಮಹಲುಗಳಿಗೆ ಕಲ್ಲು, ಇಟ್ಟಿಗೆ, ಸಿಮೆಂಟು ಹೊತ್ತಿದ್ದಾರೆ. ಕಟ್ಟಡಕ್ಕೆ ಹಸಿರು ಪ್ರಮಾಣಪತ್ರ ಬಂತು, ಪ್ಲಾಟಿನಂ ದರ್ಜೆ ಬಂತು. ಕಟ್ಟಿದವನ ಗುಡಿಸಲಿಗೆ ನಲ್ಲಿಯಿಲ್ಲ, ಪಾಯಖಾನೆಯಿಲ್ಲ. ಕಟ್ಟಡದ ಮಳೆನೀರನ್ನು ಲೀಟರು ಲೀಟರಾಗಿ ಅಳೆದವರು ಅವನು ಕೊಡಕ್ಕೆ ಎಷ್ಟು ಕೊಟ್ಟು ನೀರು ಕೊಂಡನೆಂದು ಅಳೆಯಲಿಲ್ಲ.

ನಾವು ಏಕಪಕ್ಷೀಯವಾಗಿ ಮಾತನಾಡುವುದಿಲ್ಲ. ಆದ ಒಳ್ಳೆಯದನ್ನು ಆಗಿದೆ ಎಂದೇ ಹೇಳಬೇಕು. ಇನ್ಫೋಸಿಸ್ ಕಂಪನಿಯು 2008ರಿಂದೀಚೆಗೆ ತಲಾ ವಿದ್ಯುತ್ ಬಳಕೆಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿತು. 2019ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಪ್ರಶಸ್ತಿ ಪಡೆಯಿತು. 2020ರಲ್ಲಿ ತನ್ನ ಇಂಗಾಲದ ಲೆಕ್ಕ ಸರಿದೂಗಿತೆಂದು ಘೋಷಿಸಿತು. ಸರಿದೂಗಿಸಿದ್ದು ಹೇಗೆ? ಸ್ವಲ್ಪ ಉಳಿತಾಯದಿಂದ, ಸ್ವಲ್ಪ ಸೂರ್ಯಶಕ್ತಿಯಿಂದ. ಉಳಿದುದನ್ನು ಹಳ್ಳಿಯ ಮನೆಗಳಲ್ಲಿ ಗೋಬರ್ ಗ್ಯಾಸ್, ಸೌದೆ ಉಳಿಸುವ ಒಲೆ ಮುಂತಾದವುಗಳನ್ನು ಕಟ್ಟಿಸಿ, ಅಲ್ಲಿ ತಪ್ಪಿದ ಹೊಗೆಯನ್ನು ತನ್ನ ಲೆಕ್ಕಕ್ಕೆ ಜಮಾ ಮಾಡಿಕೊಂಡು. ತಾಯಂದಿರ ಕಣ್ಣಿಗೆ ಹೊಗೆ ತಪ್ಪಿದ್ದು ನಿಜವಾದ ಉಪಕಾರ. ಆದರೂ ಒಂದು ಮಾತು ಕೇಳಬೇಕು. ಒಲೆಯ ಮುಂದೆ ಕುಳಿತವಳು ಹಳ್ಳಿಯ ಹೆಣ್ಣುಮಗಳು. ಸಗಣಿ ಕಲಸಿದವಳು ಅವಳು. ಹೊಗೆ ಉಳಿಸಿದ ಕೀರ್ತಿ ಮಾತ್ರ ಕಂಪನಿಯ ಖಾತೆಗೆ. ಅವಳ ಹೆಸರಿನಲ್ಲಿ ಏನು ಜಮಾ ಆಯಿತು?

ಒಳ್ಳೆಯದಾದರೂ ತಾನಾಗಿಯೇ ಆಗುತ್ತದೆಯೇ? 2005ರಲ್ಲಿ ಗ್ರೀನ್‌ಪೀಸ್ ಸಂಘಟನೆಯವರು ಬೆಂಗಳೂರಿನಲ್ಲಿ ವಿಪ್ರೋ ಕಚೇರಿಯ ಮುಂದೆ ಹಳೆಯ ಕಂಪ್ಯೂಟರುಗಳ ಕಸ ಸುರಿದು ಪ್ರತಿಭಟಿಸಿದರು. ಐದು ವರ್ಷದ ಮೇಲೆ, 2010ರಲ್ಲಿ, ಅದೇ ಕಂಪನಿ ಕೆಲವು ವಿಷವಸ್ತುಗಳಿಲ್ಲದ ಕಂಪ್ಯೂಟರುಗಳನ್ನು ಮಾರುಕಟ್ಟೆಗೆ ತಂದಿತು. 2012ರಲ್ಲಿ ಅದೇ ಗ್ರೀನ್‌ಪೀಸಿನ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಕಂಪನಿಗೆ ಕೊಡಬೇಕಾದ ಮೆಚ್ಚುಗೆ ಕೊಡೋಣ. ಆದರೆ ಹೊರಗಿನಿಂದ ಕೇಳುವವರು ಇದ್ದುದರಿಂದ ಒಳಗೆ ಕೆಲಸ ನಡೆಯಿತು ಎಂಬುದನ್ನು ಮರೆಯಬಾರದು.

ಕೇಳುವವರು ಸುಮ್ಮನಾದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. 2030ರ ಹೊತ್ತಿಗೆ ತಾನು ಉಗುಳುವುದಕ್ಕಿಂತ ಹೆಚ್ಚು ಇಂಗಾಲವನ್ನು ಹೀರುತ್ತೇನೆಂದು ಮೈಕ್ರೋಸಾಫ್ಟ್ 2020ರಲ್ಲಿ ಪ್ರತಿಜ್ಞೆ ಮಾಡಿತು. 2024ರಲ್ಲಿ ಅದೇ ಪ್ರಕಟಿಸಿದ ವರದಿಯಂತೆ ಅದರ ಹೊರೆ 2020ರಿಂದ ನೂರಕ್ಕೆ 29ರಷ್ಟು ಏರಿತ್ತು. ಗೂಗಲ್ ಕಂಪನಿಯದು 2019ರಿಂದ ನೂರಕ್ಕೆ 48ರಷ್ಟು ಏರಿತ್ತು. ಎರಡೂ ಕಡೆ ಮುಖ್ಯ ಕಾರಣ ದತ್ತಾಂಶ ಕೇಂದ್ರಗಳ ಬೆಳವಣಿಗೆ. ಅವರ ಯಂತ್ರಗಳು ಮೊದಲಿಗಿಂತ ಚುರುಕಾದವೇ. ಒಂದೊಂದು ಲೆಕ್ಕಕ್ಕೆ ತಿನ್ನುವ ವಿದ್ಯುತ್ತು ಕಡಿಮೆಯಾದದ್ದೇ. ಆದರೆ ಲೆಕ್ಕಗಳೇ ಹತ್ತು ಪಟ್ಟು ಹೆಚ್ಚಿದರೆ? 1865ರಲ್ಲೇ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಈ ಮಾತನ್ನು ಕಲ್ಲಿದ್ದಲಿನ ವಿಷಯದಲ್ಲಿ ಎತ್ತಿ ತೋರಿಸಿದ್ದ. ಉಗಿಯಂತ್ರ ಕಡಿಮೆ ಕಲ್ಲಿದ್ದಲು ತಿನ್ನುವಂತಾದಾಗ ದೇಶದ ಕಲ್ಲಿದ್ದಲು ಉಳಿಯಲಿಲ್ಲ. ಯಂತ್ರಗಳೇ ಹೆಚ್ಚಿ ಇನ್ನೂ ಹೆಚ್ಚು ಖರ್ಚಾಯಿತು. ಲಾಭವೊಂದನ್ನೇ ನಂಬಿದ ವ್ಯವಸ್ಥೆಯಲ್ಲಿ ಉಳಿತಾಯವು ಮತ್ತಷ್ಟು ಖರ್ಚಿಗೆ ಬಂಡವಾಳವಾಗುತ್ತದೆ. ಯಂತ್ರವನ್ನು ಸುಧಾರಿಸಿದರೆ ಸಾಲದು, ಅದರ ಬಳಕೆಗೆ ಮಿತಿ ಹಾಕುವ ಅಧಿಕಾರ ಸಮಾಜಕ್ಕೆ ಇರಬೇಕು ಎಂದು ನಾವು ಹೇಳುವುದು ಈ ಕಾರಣಕ್ಕೆ.

ವಿದ್ಯುತ್ತು ಎಲ್ಲಿಂದ?

ಬೆಂಗಳೂರಿನ ದೀಪ ಉರಿಯುವುದು ಎಲ್ಲಿಯ ವಿದ್ಯುತ್ತಿನಿಂದ? ಕೃಷ್ಣೆಯ ಆಚೆ ದಂಡೆಯಲ್ಲಿ ರಾಯಚೂರಿನ ಶಕ್ತಿನಗರವಿದೆ. 1985ರಿಂದ ಅಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಒಟ್ಟು ಶಕ್ತಿ 1,720 ಮೆಗಾವಾಟ್. ವಿದ್ಯುತ್ತು ತಂತಿಯ ಮೇಲೆ ದಕ್ಷಿಣಕ್ಕೆ ಹೋಗುತ್ತದೆ. ಹಾರುಬೂದಿ ಏಳುವುದು ಮಾತ್ರ ಅಲ್ಲಿಯೇ.

ಅದಕ್ಕಾಗಿಯೇ ಸೂರ್ಯಶಕ್ತಿ ಬೇಕು ಎನ್ನುತ್ತಾರೆ. ಬೇಕು, ನಾವು ಒಪ್ಪುತ್ತೇವೆ. ಬಿಸಿಲು ನಮ್ಮಲ್ಲಿ ಧಾರಾಳವಾಗಿದೆ, ಬೇಸಿಗೆಯಲ್ಲಿ ಅತಿಯಾಗಿಯೇ ಇದೆ. ಆದರೆ ಫಲಕ ಹಾಸಲು ನೆಲ ಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಕ್ಷೇತ್ರವನ್ನು ಮಾಡಿದರು. ಅಲ್ಲಿ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆಯೊಡನೆ ಗೇಣಿಗೆ ಪಡೆದರು. ಭೂಮಿ ರೈತನ ಹೆಸರಿನಲ್ಲಿಯೇ ಉಳಿಯಿತು. ಇದು ಸರಿಯಾದ ದಾರಿಯ ಅರ್ಧ ಭಾಗ. ಇನ್ನರ್ಧ ಭಾಗ ಆಗಲಿಲ್ಲ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಹೀನರಿಗೆ ಗೇಣಿ ಬರುವುದಿಲ್ಲ, ಕೆಲಸವೂ ಹೋಯಿತು. ನಾಳೆ ಸಗರ ನಾಡಿನ ಮಸಾರಿ ಭೂಮಿಯನ್ನು ಕೇಳಿಕೊಂಡು ಯಾರಾದರೂ ಬಂದರೆ ನಮ್ಮ ಮಾತು ಈಗಲೇ ಸಿದ್ಧವಿರಬೇಕು: ಮಾರಾಟವಿಲ್ಲ, ಗೇಣಿ ಮಾತ್ರ, ಗೇಣಿಯ ಜೊತೆಗೆ ಭೂಹೀನರಿಗೂ ಪಾಲು.

ಸ್ವಚ್ಛ ವಿದ್ಯುತ್ತು ಎಂಬ ಮಾತು ಇನ್ನೂ ಹತ್ತಿರಕ್ಕೆ ಬರುತ್ತದೆ. ದತ್ತಾಂಶ ಕೇಂದ್ರಗಳ ಹಸಿವು ತಣಿಸಲು ದೊಡ್ಡ ಕಂಪನಿಗಳು ಈಗ ಅಣುವಿದ್ಯುತ್ತಿನ ಕಡೆ ನೋಡುತ್ತಿವೆ. 2024ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಅಮೆರಿಕದ ತ್ರೀ ಮೈಲ್ ಐಲೆಂಡಿನ ಮುಚ್ಚಿದ್ದ ಅಣುಸ್ಥಾವರವೊಂದರಿಂದ ಇಪ್ಪತ್ತು ವರ್ಷ ವಿದ್ಯುತ್ತು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅಣುಸ್ಥಾವರಕ್ಕೆ ಯುರೇನಿಯಂ ಬೇಕು. ಯುರೇನಿಯಂ ಎಲ್ಲಿದೆ? ಈ ಪಟ್ಟಣದಿಂದ ಕೂಗಳತೆಯ ಹಾಗೆ ಇರುವ ಗೋಗಿಯಲ್ಲಿದೆ. ಆದಿಲಶಾಹಿ ಅರಸರ ಗೋರಿಗಳಿರುವ, ದರ್ಗಾಕ್ಕೆ ಎಲ್ಲ ಜಾತಿಯವರೂ ನಡೆದುಕೊಳ್ಳುವ ಆ ಊರಿನ ಕಲ್ಲಿನ ಅಡಿಯಲ್ಲಿ ನಿಕ್ಷೇಪ ಸಿಕ್ಕಿದೆ. ಶೋಧನೆಯ ಗಣಿ ತೋಡಿದ ದಿನದಿಂದಲೂ ಅಲ್ಲಿಯವರು ಕೇಳುತ್ತಿರುವುದು ಒಂದೇ ಮಾತು: ನಮ್ಮ ಬಾವಿಯ ನೀರು ಏನಾದೀತು? ಸಾವಿರಾರು ಮೈಲಿ ದೂರದ ಒಂದು ಯಂತ್ರದ ಇಂಗಾಲದ ಲೆಕ್ಕ ಸೊನ್ನೆಯಾಗಲು ಇಲ್ಲೊಂದು ಬಾವಿ ಕೆಡಬೇಕಾದರೆ ಅಂಥ ಹಸಿರಿಗೆ ನಾವು ಹಸಿರು ಎನ್ನುವುದಿಲ್ಲ.

ಹೊಣೆಯಿಲ್ಲದ ಉದ್ಯಮ ಹೇಗಿರುತ್ತದೆಂದು ತಿಳಿಯಲು ಗೋಗಿಯಿಂದ ಯಾದಗಿರಿಯ ಆಚೆಗೆ ಹೋದರೆ ಸಾಕು. ಕಡೇಚೂರು-ಬಾಡಿಯಾಳದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಎಕರೆಯನ್ನು ಕೈಗಾರಿಕೆಗೆಂದು ತೆಗೆದುಕೊಂಡರು. ಉದ್ಯೋಗ ಬರುತ್ತದೆಂದು ಜನ ನಂಬಿದ್ದರು. ಔಷಧಿ, ರಸಾಯನದ ಕಾರ್ಖಾನೆಗಳು ಬಂದ ಮೇಲೆ ಸುತ್ತಲಿನ ಹಳ್ಳಿಯವರು ದುರ್ವಾಸನೆ, ಕೆಟ್ಟ ನೀರು ಎಂದು ದೂರು ಕೊಡುತ್ತಲೇ ಇದ್ದಾರೆ. ಕಾಗದದ ಮೇಲೆ ಎಲ್ಲ ನಿಯಮವೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಹೊಣೆಯರಿತ ವ್ಯಾಪಾರಕ್ಕೆ ಒಂಬತ್ತು ಸೂತ್ರಗಳನ್ನು ಬರೆದಿದೆ. 2022-23ರಿಂದ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಈ ಸೂತ್ರಗಳ ಪ್ರಕಾರ ಪ್ರತಿವರ್ಷ ವರದಿ ಕೊಡಲೇಬೇಕೆಂದು ಸೆಬಿ ವಿಧಿಸಿದೆ. ನೀರೆಷ್ಟು, ವಿದ್ಯುತ್ತೆಷ್ಟು, ಕಸವೆಷ್ಟು, ಗುತ್ತಿಗೆ ಕಾರ್ಮಿಕರೆಷ್ಟು ಎಂದು ಅದರಲ್ಲಿ ಬರೆಯಬೇಕು. ಓದಬೇಕಾದ ಪುಸ್ತಕವೇ. ಆದರೆ ಅದನ್ನು ಇಂಗ್ಲಿಷಿನಲ್ಲಿ, ಷೇರುದಾರನಿಗಾಗಿ ಬರೆಯುತ್ತಾರೆ. ವಾಸನೆ ಕುಡಿಯುವವನು ಷೇರುದಾರನಲ್ಲ.

ಕಾಲುವೆಯ ಪಾಠ

ಈಗ ಮತ್ತೆ ನಮ್ಮ ಕಾಲುವೆಗೆ ಬರೋಣ. ಏಕೆಂದರೆ ಈ ಇಡೀ ವಿಷಯ ಅಲ್ಲಿ ಕಣ್ಣಿಗೆ ಕಾಣುವಂತೆ ಇದೆ.

ಎಡದಂಡೆಯ ಗೇಟುಗಳ ಪಕ್ಕದಲ್ಲಿ ಬಿಸಿಲಿನ ಫಲಕ, ಬ್ಯಾಟರಿ, ಅಳೆಯುವ ಯಂತ್ರಗಳಿವೆ. ಇದಕ್ಕಿಂತ ಹಸಿರಾದ ಕಂಪ್ಯೂಟರು ಇನ್ನೆಲ್ಲಿದೆ? ಬಿಸಿಲು ತಿಂದು ನೀರು ಉಳಿಸುತ್ತದೆ. ಯಾವ ಗೇಟಿನಲ್ಲಿ ಎಷ್ಟು ನೀರು ಹರಿಯಿತೆಂದು ಕುಳಿತಲ್ಲಿಯೇ ತಿಳಿಯುತ್ತದೆ. ಇಂಥ ಯಂತ್ರವನ್ನು ನಾವು ಸ್ವಾಗತಿಸುತ್ತೇವೆ.

ಆದರೆ ನಮ್ಮ ಕಾಲುವೆಯ ರೋಗ ಏನು? ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ಮಾಡಿದ್ದು ಕಡಿಮೆ ನೀರಿನ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತ ಬೆಳೆದರು. ಕೊನೆಯ ಭಾಗದ ರೈತ ತೊಗರಿಗೂ ನೀರಿಲ್ಲದೆ ಆಕಾಶ ನೋಡಿದ. ಹುಣಸಗಿ, ಶಹಾಪುರ, ಮುಡಬಾಳ, ಜೇವರ್ಗಿ, ಇಂಡಿ ಯಾವ ಶಾಖೆಯನ್ನೇ ಹಿಡಿದು ನಡೆಯಿರಿ, ಕೊನೆಗೆ ಹೋದಂತೆ ಇದೇ ಕಥೆ. ಈಗ ಯಂತ್ರ ಬಂದ ಮೇಲೆ ಎಲ್ಲಿ ನೀರು ಹೆಚ್ಚು ಹೋಯಿತು, ಎಲ್ಲಿ ಹೋಗಲಿಲ್ಲ ಎಂಬುದು ನಿಯಂತ್ರಣ ಕೋಣೆಯ ತೆರೆಯ ಮೇಲೆ ಮೂಡಬೇಕು. ಮೂಡಿದುದನ್ನು ಯಾರು ನೋಡುತ್ತಾರೆ? ಇಂಜಿನಿಯರರು ನೋಡುತ್ತಾರೆ, ಗುತ್ತಿಗೆ ಪಡೆದ ಕಂಪನಿಯವರು ನೋಡುತ್ತಾರೆ. ಕೊನೆಯ ಭಾಗದ ರೈತ ನೋಡುವುದಿಲ್ಲ. ಹಿಂದೆ ಅವನು ಸೌಡಿಯವನನ್ನು ಎದುರಿಗೆ ನಿಲ್ಲಿಸಿ ಕೇಳಬಹುದಾಗಿತ್ತು. ಈಗ ಯಾರನ್ನು ಕೇಳಬೇಕು? ಯಂತ್ರ ಬಿಟ್ಟಷ್ಟು ಎಂಬ ಉತ್ತರ ಬಂದರೆ ಯಂತ್ರಕ್ಕೆ ಹೇಳಿಕೊಟ್ಟವರು ಯಾರು ಎಂದು ಕೇಳಬೇಕು.

ಕಂಪನಿಯ ಹಸಿರು ವರದಿಗೂ ಕಾಲುವೆಯ ತೆರೆಗೂ ಇರುವ ಹೋಲಿಕೆ ಇಲ್ಲಿಯೇ ಇದೆ. ಎರಡು ಕಡೆಯೂ ಅಳತೆ ನಡೆಯುತ್ತಿದೆ. ಎರಡು ಕಡೆಯೂ ಅಳತೆ ಸರಿಯಾಗಿಯೇ ಇರಬಹುದು. ಅಳತೆಯ ಪುಸ್ತಕ ಮಾತ್ರ ನಷ್ಟ ಉಣ್ಣುವವನ ಕೈಗೆ ಬರುವುದಿಲ್ಲ. ಪುಸ್ತಕ ಅವನ ಕೈಗೆ ಬಂದ ದಿನ ಹಸಿರು ಎಂಬ ಮಾತಿಗೂ ಹೊಣೆ ಎಂಬ ಮಾತಿಗೂ ಗಂಟು ಬೀಳುತ್ತದೆ. ಅಲ್ಲಿಯ ತನಕ ಅವೆರಡೂ ಬೇರೆ ಬೇರೆ.

ನಮ್ಮ ಬೇಡಿಕೆ, ನಮ್ಮ ಕೆಲಸ

ಆದುದರಿಂದ ಈ ಶಿಬಿರದ ಮುಂದೆ ಐದು ಮಾತು ಇಡುತ್ತೇವೆ.

ಮೊದಲನೆಯದು, ಕಾಲುವೆಯ ಗೇಟುಗೇಟಿನ ನೀರಿನ ಲೆಕ್ಕವನ್ನು ಪ್ರತಿದಿನ ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ಹಲಗೆಯ ಮೇಲೂ ಮೊಬೈಲಿನಲ್ಲಿಯೂ ಪ್ರಕಟಿಸಬೇಕು. ಕೇಳದೆಯೇ ಮಾಹಿತಿ ಪ್ರಕಟಿಸುವುದು ಇಲಾಖೆಗಳ ಕರ್ತವ್ಯವೆಂದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮು ಹೇಳುತ್ತದೆ. ಕೃಷ್ಣಾ ಭಾಗ್ಯ ಜಲ ನಿಗಮವು ಹೊಸ ಉಪಕಾರವನ್ನೇನೂ ಮಾಡಬೇಕಾಗಿಲ್ಲ.

ಎರಡನೆಯದು, ನೂರಕ್ಕೆ ಎರಡರ ಹಣದಿಂದ ನಮ್ಮ ಜಿಲ್ಲೆಯಲ್ಲಿ ನಡೆದ ಪ್ರತಿ ಕೆಲಸದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಬೇಕು. ಗುಳೆ ಹೋದವರ ದುಡಿಮೆಯಿಂದ ಎದ್ದ ಕಂಪನಿಗಳು ಗುಳೆ ಹೊರಡುವ ಊರುಗಳನ್ನೂ ತಮ್ಮ ಸ್ಥಳವೆಂದು ಎಣಿಸಬೇಕು.

ಮೂರನೆಯದು, ಸರ್ಕಾರಿ ಸಾಲಿ, ಪಂಚಾಯಿತಿ, ಕಚೇರಿಗಳಲ್ಲಿ ಸತ್ತು ಬಿದ್ದ ಯಂತ್ರಗಳನ್ನು ಮಾರಿದವರೇ ವಾಪಸು ಒಯ್ಯಬೇಕು. ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ಸ್ವತಂತ್ರ ತಂತ್ರಾಂಶದಿಂದ ನಡೆಸಲು ಸಾಧ್ಯವೇ ಎಂದು ನೋಡಬೇಕು. ತಾಲ್ಲೂಕಿಗೊಂದು ರಿಪೇರಿ ಕೇಂದ್ರ ಬೇಕು, ಐ.ಟಿ.ಐ. ಓದಿ ಕೆಲಸವಿಲ್ಲದೆ ಕುಳಿತ ನಮ್ಮ ಹುಡುಗರು ಅದನ್ನು ನಡೆಸಬಲ್ಲರು.

ನಾಲ್ಕನೆಯದು, ಹಸಿರು ಪ್ರಮಾಣಪತ್ರ ಕೊಡುವಾಗ ಕಟ್ಟಿದವರ ಕೂಲಿ, ವಸತಿ, ನೀರು ಇವುಗಳನ್ನೂ ಅಳೆಯಬೇಕು. ಕಾವಲುಗಾರನನ್ನೂ ಕಸ ಗುಡಿಸುವವಳನ್ನೂ ಗುತ್ತಿಗೆದಾರನ ಲೆಕ್ಕಕ್ಕೆ ತಳ್ಳಿ ಕಂಪನಿ ಕೈ ತೊಳೆದುಕೊಳ್ಳಬಾರದು.

ಐದನೆಯದು, ಸ್ವಚ್ಛ ವಿದ್ಯುತ್ತಿಗಾಗಿ ನೆಲವನ್ನಾಗಲಿ ನೆಲದಡಿಯ ಖನಿಜವನ್ನಾಗಲಿ ಮುಟ್ಟುವ ಮೊದಲು ಗ್ರಾಮಸಭೆಯ ಒಪ್ಪಿಗೆ ಬೇಕು. ಬಾವಿಗಳ ನೀರಿನ ಪರೀಕ್ಷೆಯ ಫಲವನ್ನು ಊರವರ ಕೈಗೆ ಕೊಡಬೇಕು.

ಇವು ಬೇರೆಯವರು ಮಾಡಬೇಕಾದ ಕೆಲಸಗಳು. ನಾವು ಮಾಡಬೇಕಾದುದೂ ಇದೆ, ಅದು ಈ ವಾರವೇ ಆರಂಭವಾಗಬೇಕು. ಇಲ್ಲಿಗೆ ಬಂದಿರುವ ಪ್ರತಿಯೊಬ್ಬರೂ ತಮ್ಮ ಊರಿನ ಸಾಲಿಗೆ ಹೋಗಿ, ಮಾಸ್ತರರನ್ನು ಕೂಡಿಕೊಂಡು, ಕೆಟ್ಟು ಕುಳಿತ ಕಂಪ್ಯೂಟರು ಎಷ್ಟು, ಎಲ್ಲಿಂದ ಬಂದವು, ಎಂದು ನಿಂತವು ಎಂಬುದನ್ನು ಬರೆದುಕೊಂಡು ಬರಲಿ. ಅಚ್ಚುಕಟ್ಟಿನವರು ಒಂದು ನೋಟುಬುಕ್ಕು ಇಟ್ಟು, ತಮ್ಮ ಹೊಲಗಾಲುವೆಗೆ ನೀರು ಬಂದ ದಿನ, ನಿಂತ ದಿನ, ಗೇಟಿನ ಬಳಿ ಎಷ್ಟು ಅಡಿ ನೀರಿತ್ತು ಎಂಬುದನ್ನು ಗುರುತು ಹಾಕಲಿ. ಓದು ಬರಹ ಬಾರದವರಿಗೆ ಮಕ್ಕಳು ಬರೆದುಕೊಡಲಿ. ಬೆಂಗಳೂರಿಗೆ ಹೋದ ಅಣ್ಣತಮ್ಮಂದಿರಿಗೆ ಫೋನು ಮಾಡಿ, ಯಾವ ಕಟ್ಟಡದ ಕೆಲಸ, ದಿನಕ್ಕೆ ಎಷ್ಟು ಕೂಲಿ, ಕೊಡ ನೀರಿಗೆ ಎಷ್ಟು ಎಂದು ಕೇಳಿ ಬರೆದಿಡಿ.

ಈ ಮೂರು ಪಟ್ಟಿಗಳನ್ನು ಮುಂದಿನ ತಿಂಗಳ ಸಭೆಗೆ ತನ್ನಿ. ಅವುಗಳನ್ನು ಒಟ್ಟುಗೂಡಿಸಿ ಜಿಲ್ಲಾಧಿಕಾರಿಗಳಿಗೆ, ಜಲ ನಿಗಮಕ್ಕೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡೋಣ. ಈ ಪತ್ರಿಕೆಯಲ್ಲಿಯೂ ಅಚ್ಚು ಹಾಕೋಣ. ಅವರ ಬಳಿ ಕಂಪ್ಯೂಟರಿನ ಲೆಕ್ಕ ಇರಲಿ, ನಮ್ಮ ಬಳಿ ನೋಟುಬುಕ್ಕಿನ ಲೆಕ್ಕ ಇರಲಿ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ತಾಳೆ ನೋಡೋಣ. ತಾಳೆಯಾದರೆ ಸಂತೋಷ. ತಾಳೆಯಾಗದಿದ್ದರೆ ಕೇಳುವ ಹಕ್ಕು ನಮಗಿದೆ.